ಲಾಲ್‌ಬಾಗಿನ ಹೂವು, ಇಂಡಿಯ ಪಾತರಗಿತ್ತಿ



ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಲಾಲ್‌ಬಾಗಿನಲ್ಲಿ ತೆಗೆದ ಹತ್ತಾರು ಛಾಯಾಚಿತ್ರಗಳನ್ನು ಕಳುಹಿಸಿದ್ದಾನೆ. ಭಾದ್ರಪದ ಮುಗಿದು ಆಶ್ವೀಜ ಕಾಲಿಡುವ ದಿನಗಳ ಚಿತ್ರಗಳವು. ಮಳೆಯಿಂದ ತೊಳೆದ ಎಲೆ, ಎಳೆಬಿಸಿಲು, ಹೂವಿನ ಮೇಲೆ ಕುಳಿತ ಚಿಟ್ಟೆ. ಅವುಗಳಲ್ಲೊಂದರ ಕೆಳಗೆ, "ಗುರುಗಳೇ, ಈ ಪಾತರಗಿತ್ತಿ ನಮ್ಮೂರಾಗೂ ಇರತದೇನ್ರಿ?" ಎಂದು ಕೇಳಿದ್ದಾನೆ. ಕಪ್ಪು ರೆಕ್ಕೆಯ ತುಂಬ ತಿಳಿಹಳದಿ ಮಚ್ಚೆಗಳು, ಹಿಂರೆಕ್ಕೆಯ ಒಳಅಂಚಿನಲ್ಲಿ ಒಂದು ಕೆಂಪು ಬೊಟ್ಟು, ರೆಕ್ಕೆಗೆ ಬಾಲವಿಲ್ಲ. ಅದು ಲಿಂಬೆಯ ಚಿಟ್ಟೆ. ಇಂಡಿ ತಾಲೂಕಿನಲ್ಲಿ ಹುಟ್ಟಿ ಬೆಳೆದವನು ಅದನ್ನು ನೋಡಲು ಐನೂರು ಕಿಲೋಮೀಟರು ದೂರದ ಸಸ್ಯೋದ್ಯಾನಕ್ಕೆ ಹೋಗಬೇಕಾಗಿ ಬಂದದ್ದು ನನ್ನನ್ನು ಯೋಚನೆಗೆ ಹಚ್ಚಿತು. ಅವನಿಗೆ ಒಂದೇ ಸಾಲಿನಲ್ಲಿ "ಇರತದಪ್ಪ" ಎಂದು ಉತ್ತರಿಸಿ ಸುಮ್ಮನಾಗಬಹುದಿತ್ತು. ಆದರೆ ಗಿಡವನ್ನೂ ಚಿಟ್ಟೆಯನ್ನೂ ಮನುಷ್ಯನು ಚಿತ್ರದಲ್ಲಿ ಹಿಡಿದಿಡುತ್ತ ಬಂದ ಇತಿಹಾಸಕ್ಕೂ ನಮ್ಮ ಸೀಮೆಗೂ ಇರುವ ನಂಟು ಸಣ್ಣದಲ್ಲ. ಆದ್ದರಿಂದ ಈ ಬರಹ.

ಮೊದಲು ತೋಟದ ಕಥೆ. ಲಾಲ್‌ಬಾಗನ್ನು 1760ರಲ್ಲಿ ಹೈದರ್ ಅಲಿ ಆರಂಭಿಸಿದನೆಂಬುದು ಶಾಲಾ ಪುಸ್ತಕದಲ್ಲಿ ನೀವೆಲ್ಲ ಓದಿದ ಸಂಗತಿ. ಅದರ ಮಾದರಿ ಶಿರಾದ ಖಾನ್ ಬಾಗ್ ಎಂದು ಹೇಳುವ ವಾಡಿಕೆಯಿದೆ. ಈ ಶಿರಾದ ಹಿಂದಿನ ಚರಿತ್ರೆಯನ್ನು ಕೆದಕಿದರೆ ನಾವು ನಮ್ಮ ವಿಜಯಪುರಕ್ಕೇ ಬಂದು ನಿಲ್ಲುತ್ತೇವೆ. 1638ರಲ್ಲಿ ಆದಿಲಶಾಹಿ ಸೇನಾಪತಿ ರಣದುಲ್ಲಾಖಾನನು ದಕ್ಷಿಣಕ್ಕೆ ದಂಡೆತ್ತಿ ಹೋದಾಗ ಶಿರಾ ಮತ್ತು ಬೆಂಗಳೂರುಗಳೆರಡೂ ವಿಜಯಪುರದ ವಶವಾದವು. ಬೆಂಗಳೂರು ಶಹಾಜಿಗೆ ಜಹಗೀರಾಗಿ ದೊರೆಯಿತು. 1686ರಲ್ಲಿ ಔರಂಗಜೇಬನು ವಿಜಯಪುರವನ್ನು ಗೆದ್ದ ಮೇಲೆ ಶಿರಾ ಮೊಗಲರ ಸುಬಾದ ಕೇಂದ್ರವಾಯಿತು. ಅಲ್ಲಿಯ ಸುಬೇದಾರರು ಅರಮನೆ, ತೋಟಗಳನ್ನು ಕಟ್ಟಿಸಿದರು. ಸಮಚೌಕದ ಪಾತಿಗಳು, ನಡುವೆ ನೇರವಾದ ಕಾಲುದಾರಿ, ದಾರಿಯ ಬದಿಗೆ ನೀರು: ದಖ್ಖನದ ಸುಲ್ತಾನರಿಗೂ ದಿಲ್ಲಿಯ ಬಾದಶಹರಿಗೂ ಪ್ರಿಯವಾದ ಈ ಬಗೆಯ ತೋಟ ಹೀಗೆ ಮೈಸೂರು ಸೀಮೆಯನ್ನು ಸೇರಿತು.

ಆ ತೋಟ ಹೇಗಿತ್ತೆಂಬುದಕ್ಕೆ ಕಣ್ಣಾರೆ ಕಂಡವರ ಸಾಕ್ಷಿಯಿದೆ. 1799ರಲ್ಲಿ ಟಿಪ್ಪು ಮಡಿದ ಮರುವರ್ಷ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಕಂಪನಿ ಸರಕಾರದ ಆಜ್ಞೆಯಂತೆ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ. ಬೆಂಗಳೂರಿನಲ್ಲಿ ಅವನು ಹೈದರ್ ಮತ್ತು ಟಿಪ್ಪುವಿನ ತೋಟಗಳನ್ನು ನೋಡಿ, ಕಾಲುದಾರಿಗಳಿಂದ ಚೌಕಗಳಾಗಿ ಭಾಗಿಸಿದ ಆ ನೆಲದಲ್ಲಿ ಒಂದು ಚೌಕದ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ ಎಂಬಂತೆ ಒಂದೊಂದು ಜಾತಿಯ ಗಿಡವನ್ನೇ ಬೆಳೆಸಿದ್ದನ್ನು ವರ್ಣಿಸಿದ್ದಾನೆ. ಅವನ ಪ್ರವಾಸದ ಗ್ರಂಥ 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಟಿಪ್ಪುವಿಗೆ ಗಿಡಗಳ ಮೇಲಿದ್ದ ಆಸಕ್ತಿ ಎಷ್ಟಿತ್ತೆಂದರೆ, 1788ರಲ್ಲಿ ಫ್ರಾನ್ಸಿನ ದೊರೆಯ ಬಳಿಗೆ ಹೋದ ಅವನ ರಾಯಭಾರಿಗಳು ಸೈನ್ಯದ ನೆರವಿನ ಜೊತೆಗೆ ಬೀಜಗಳನ್ನೂ ಗಿಡಗಳನ್ನೂ ತೋಟಗಾರರನ್ನೂ ಕೇಳಿದ್ದರು.

ಟಿಪ್ಪುವಿನ ನಂತರ ತೋಟ ಹಲವು ಕೈ ದಾಟಿತು. ಕೆಲಕಾಲ ಮೇಜರ್ ವಾ ಎಂಬ ಸೇನಾಧಿಕಾರಿಯ ಬಳಿಯಿದ್ದು, 1819ರಲ್ಲಿ ಕಂಪನಿ ಸರಕಾರಕ್ಕೆ ಸೇರಿ, ಕಲಕತ್ತೆಯ ಸಸ್ಯೋದ್ಯಾನದ ವಾಲಿಚ್ಚನ ಮೇಲ್ವಿಚಾರಣೆಗೆ ಒಳಪಟ್ಟಿತು. 1856ರಲ್ಲಿ ಹ್ಯೂ ಕ್ಲೆಗಾರ್ನನ ಸಲಹೆಯಂತೆ ಸರಕಾರಿ ತೋಟವಾಗಿ ಹೊಸ ಜೀವ ಪಡೆಯಿತು. 1858ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದಿಂದ ವಿಲಿಯಂ ನ್ಯೂ ಬಂದ. ಮುಂದೆ 1874ರಿಂದ ಸುಮಾರು ಮೂರೂವರೆ ದಶಕ ಜಾನ್ ಕ್ಯಾಮರನ್, 1908ರಿಂದ 1932ರವರೆಗೆ ಜರ್ಮನಿಯ ಕ್ರುಂಬಿಗೆಲ್, ಅವರ ತರುವಾಯ ಕನ್ನಡಿಗರಾದ ಎಚ್. ಸಿ. ಜವರಾಯ, ಎಂ. ಎಚ್. ಮರಿಗೌಡ ಮೊದಲಾದವರು ಅದನ್ನು ಬೆಳೆಸಿದರು. ಆರಂಭದಲ್ಲಿ 40 ಎಕರೆಯಷ್ಟಿದ್ದ ತೋಟ ಇಂದು 240 ಎಕರೆಯಾಗಿದೆ. ನಾವು ಉಪ್ಪಿಟ್ಟಿಗೂ ಸಾಂಬಾರಿಗೂ ಹಾಕುವ ಸೀಮೆಬದನೆಯನ್ನು ಈ ಕಡೆ ಪರಿಚಯಿಸಿದ ಕೀರ್ತಿ ಕ್ಯಾಮರನ್ನನದು. ಗಾಜಿನ ಮನೆಗೆ 1889ರ ನವೆಂಬರ್ 30ರಂದು ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಇಟ್ಟದ್ದೂ ಕ್ಯಾಮರನ್ನನ ಕಾಲದಲ್ಲೇ. ತೋಟದೊಳಗಿನ ಬಂಡೆಯಾದರೋ ಇವರೆಲ್ಲರಿಗಿಂತ ಹಿರಿಯದು. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ಶಿಲೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ.

ಇನ್ನು ಚಿತ್ರಗಳ ವಿಷಯ. ಕ್ಯಾಮೆರಾ ಬರುವುದಕ್ಕೆ ಮೊದಲು ಗಿಡವೊಂದನ್ನು ದೂರದವರಿಗೆ ತೋರಿಸಲು ಎರಡೇ ಮಾರ್ಗಗಳಿದ್ದವು: ಒಣಗಿಸಿ ಕಾಗದಕ್ಕೆ ಅಂಟಿಸುವುದು, ಇಲ್ಲವೆ ಬಿಡಿಸುವುದು. ಒಣಗಿದ ಗಿಡಕ್ಕೆ ಆಕಾರವಿರುತ್ತದೆ, ಬಣ್ಣವಿರುವುದಿಲ್ಲ. ಆದ್ದರಿಂದ ಚಿತ್ರಕಾರನು ಬೇಕೇ ಬೇಕಾಗಿದ್ದ. ಮೇಲೆ ಹೆಸರಿಸಿದ ಕ್ಲೆಗಾರ್ನ್ ಮೂಲತಃ ಶಸ್ತ್ರವೈದ್ಯ. 1840ರ ದಶಕದಲ್ಲಿ ಅವನು ಶಿವಮೊಗ್ಗದಲ್ಲಿದ್ದಾಗ, ದಿನಕ್ಕೊಂದು ಗಿಡವನ್ನಾದರೂ ಗಮನವಿಟ್ಟು ನೋಡಬೇಕೆಂಬ ವ್ರತ ತೊಟ್ಟಿದ್ದ. ಅದಕ್ಕಾಗಿ ಒಬ್ಬ ಮರಾಠಿ ಚಿತ್ರಕಾರನನ್ನು ನೇಮಿಸಿಕೊಂಡು, ಬೆಳಿಗ್ಗೆ ತಂದ ಗಿಡವನ್ನು ಬಾಡುವುದರೊಳಗೆ ಬಿಡಿಸಿಸುತ್ತಿದ್ದ. ಅವನು ಭಾರತದಲ್ಲಿ ಹೀಗೆ ಬರೆಯಿಸಿದ ಮತ್ತು ಸಂಗ್ರಹಿಸಿದ ಸುಮಾರು 3000 ಚಿತ್ರಗಳು ಈಗ ಸ್ಕಾಟ್ಲೆಂಡಿನ ಎಡಿನ್‌ಬರೋ ರಾಜ ಸಸ್ಯೋದ್ಯಾನದಲ್ಲಿವೆ. ಶಿವಮೊಗ್ಗದ ಬೇಲಿಯ ಬಳ್ಳಿ, ಕೆರೆಯಂಗಳದ ಕಳೆ, ಅಡವಿಯ ಹೂವು ಎಲ್ಲವೂ ಅಲ್ಲಿ ಬಣ್ಣ ಮಾಸದೆ ಉಳಿದಿವೆ. ಬಿಡಿಸಿದ ಆ ಮರಾಠಿ ಕಲಾವಿದನಾದರೋ "ಮರಾಠಿ ಚಿತ್ರಕಾರ" ಎಂದೇ ಉಳಿದುಬಿಟ್ಟ.

ಲಾಲ್‌ಬಾಗಿನಲ್ಲಿ ಹೀಗಾಗಲಿಲ್ಲ. ಕ್ಯಾಮರನ್ನನ ಕಾಲದಲ್ಲಿ ಅಲ್ಲಿ ಚೆಲುವಯ್ಯ ರಾಜು ಎಂಬ ಕಲಾವಿದರಿದ್ದರು. ತೋಟದ ಗಿಡಗಳನ್ನು ಎಲೆಯ ನರ, ಹೂವಿನ ಎಸಳು, ಕಾಯಿಯ ಸೀಳು ಸಹಿತವಾಗಿ ಜಲವರ್ಣದಲ್ಲಿ ಬಿಡಿಸುವುದು ಅವರ ಕಾಯಕ. ಆ ಚಿತ್ರಗಳ ಜೊತೆಗೆ ಅವರ ಹೆಸರೂ ಉಳಿದಿದೆ. ಕ್ಯಾಮರನ್ ತೋಟದಲ್ಲಿದ್ದ ಗಿಡಗಳ ಪಟ್ಟಿಯನ್ನು ಅಚ್ಚು ಹಾಕಿಸಿದ. ಅದರ ಎರಡನೆಯ ಆವೃತ್ತಿ 1891ರಲ್ಲಿ ಬಂತು. ಇಂದು ಲಾಲ್‌ಬಾಗಿನಲ್ಲಿರುವ ಯಾವ ಮರ ಅಂದೂ ಇತ್ತು, ಯಾವುದು ಕಾಣೆಯಾಯಿತು ಎಂದು ತಿಳಿಯಬೇಕಾದರೆ ಆ ಪಟ್ಟಿಯೂ ಈ ಚಿತ್ರಗಳೂ ನಮಗೆ ದಾಖಲೆಗಳು. ಚೆಂದಕ್ಕಾಗಿ ಬಿಡಿಸಿದ ಹೂವಿಗೂ ದಾಖಲೆಗಾಗಿ ಬಿಡಿಸಿದ ಹೂವಿಗೂ ಇರುವ ವ್ಯತ್ಯಾಸ ಇದು.

ಚೆಂದದ ಹೂವುಗಳನ್ನು ನೋಡಬೇಕೆಂದರೆ ವಿಜಯಪುರದ ಅಸರ ಮಹಲಿನ ಗೋಡೆಗಳನ್ನು ನೆನೆಯಿರಿ. ಹೂದಾನಿಗಳಲ್ಲಿ ತುಂಬಿನಿಂತ ಹೂಗಳು ಅಲ್ಲಿ ಮಸುಕಾಗಿಯಾದರೂ ಕಾಣುತ್ತವೆ. ಎರಡನೆಯ ಇಬ್ರಾಹಿಂ ಆದಿಲಶಹನ ಕಾಲದಲ್ಲಿ, ಅಂದರೆ 17ನೆಯ ಶತಮಾನದ ಆರಂಭದಲ್ಲಿ, ವಿಜಯಪುರದಲ್ಲಿ ರಚಿತವಾದ ಯೋಗಿನಿ ಮತ್ತು ಗೊರವಂಕ ಹಕ್ಕಿಯ ಪ್ರಸಿದ್ಧ ಚಿತ್ರ ಈಗ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ಅದರಲ್ಲಿ ಯೋಗಿನಿಯ ಎರಡು ಬದಿಗೆ ಆಳೆತ್ತರದ ಹೂಗಿಡಗಳಿವೆ. ಅಂಥ ಗಿಡ ಭೂಮಿಯ ಮೇಲೆ ಎಲ್ಲಿಯೂ ಬೆಳೆಯದು. ಅದು ಕಲಾವಿದನ ಮನಸ್ಸಿನಲ್ಲಿ ಬೆಳೆದ ಗಿಡ. ಅದರ ಸೊಗಸು ಬೇರೆ. ಅದನ್ನು ಹಿಡಿದುಕೊಂಡು ಅಂದಿನ ವಿಜಯಪುರದ ತೋಟಗಳಲ್ಲಿ ಏನು ಬೆಳೆಯುತ್ತಿತ್ತೆಂದು ಹೇಳಲಾಗದು.

ಚಿಟ್ಟೆಯ ಚಿತ್ರಗಳ ಇತಿಹಾಸ ಇನ್ನೂ ಹಿಂದಕ್ಕೆ ಹೋಗುತ್ತದೆ. ಈಜಿಪ್ಟಿನ ಥೀಬ್ಸ್ ನಗರದ ನೆಬಮುನ್ ಎಂಬ ಅಧಿಕಾರಿಯ ಗೋರಿಯಲ್ಲಿ, ಕ್ರಿಸ್ತಪೂರ್ವ 1350ರ ಸುಮಾರಿಗೆ ಬರೆದ ಭಿತ್ತಿಚಿತ್ರವೊಂದಿತ್ತು. ಈಗ ಅದು ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿದೆ. ಜೊಂಡಿನ ನಡುವೆ ಹಕ್ಕಿ ಹೊಡೆಯುವ ಬೇಟೆಗಾರ, ಅವನ ಸುತ್ತ ಹಾರುವ ಹಕ್ಕಿಗಳು, ಅವುಗಳ ನಡುವೆ ಕೆಲವು ಚಿಟ್ಟೆಗಳು. ಕಿತ್ತಳೆ ಬಣ್ಣದ ರೆಕ್ಕೆ, ಕಪ್ಪು ತುದಿ, ಅದರ ಮೇಲೆ ಬಿಳಿ ಚುಕ್ಕೆ. ನೋಡಿದೊಡನೆ ಗುರುತು ಹಿಡಿಯಬಹುದು: ಇಂಗ್ಲಿಷಿನವರು ಪ್ಲೇನ್ ಟೈಗರ್ ಎಂದು ಕರೆಯುವ ಚಿಟ್ಟೆ ಅದು. ನಮ್ಮ ಹೊಲದ ಬದುವಿನ ಎಕ್ಕಿ ಗಿಡದಲ್ಲಿ ಮೊಟ್ಟೆಯಿಡುವ ಚಿಟ್ಟೆಯೂ ಅದೇ. ನೈಲ್ ನದಿಯ ದಂಡೆಯ ಕಲಾವಿದ ಮೂರು ಸಾವಿರದ ಮುನ್ನೂರು ವರ್ಷಗಳ ಹಿಂದೆ ಬಿಡಿಸಿದ್ದನ್ನು ಭೀಮೆಯ ದಂಡೆಯ ನಾವು ಇಂದು ಗುರುತಿಸಬಲ್ಲೆವೆಂದರೆ, ಅವನು ಎಷ್ಟು ಸರಿಯಾಗಿ ನೋಡಿದ್ದಿರಬೇಕು!

ಆದರೆ ಚಿಟ್ಟೆಯನ್ನು ಅದರ ಗಿಡದ ಜೊತೆಗೆ ಇಟ್ಟು ನೋಡುವ ದೃಷ್ಟಿ ಬಹಳ ತಡವಾಗಿ ಬಂತು. ಅದಕ್ಕೆ ಕಾರಣಳಾದವಳು ಮರಿಯಾ ಸಿಬಿಲ್ಲಾ ಮೇರಿಯನ್ ಎಂಬ ಜರ್ಮನ್ ಮಹಿಳೆ. 1699ರಲ್ಲಿ, ತನ್ನ 52ನೆಯ ವಯಸ್ಸಿನಲ್ಲಿ, ಮಗಳನ್ನು ಕರೆದುಕೊಂಡು ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮ್ ಎಂಬ ನಾಡಿಗೆ ಹೋದಳು. ಎರಡು ವರ್ಷ ಅಲ್ಲಿದ್ದು, 1705ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದೇ ಹಾಳೆಯ ಮೇಲೆ ಗಿಡ, ಅದನ್ನು ತಿನ್ನುವ ಹುಳ, ಕೋಶ, ಕೋಶದಿಂದ ಹೊರಬಂದ ಚಿಟ್ಟೆ ಇವಿಷ್ಟನ್ನೂ ಬಿಡಿಸಿದಳು. ಹುಳವೇ ಚಿಟ್ಟೆಯಾಗುವುದೆಂಬುದು ಇಂದು ನಾಲ್ಕನೆಯ ಇಯತ್ತೆಯ ಮಗುವಿಗೂ ಗೊತ್ತು. ಕೊಳೆತ ವಸ್ತುವಿನಿಂದ ಹುಳ ತಾನೇ ಹುಟ್ಟುತ್ತದೆಂದು ಅನೇಕರು ನಂಬಿದ್ದ ಕಾಲದಲ್ಲಿ ಅದನ್ನು ನೋಡಿ, ಸಾಕಿ, ಬಿಡಿಸಿ ತೋರಿಸಿದ್ದು ಸಾಮಾನ್ಯ ಕೆಲಸವಲ್ಲ.

1758ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ಪ್ರಾಣಿಗಳಿಗೆ ಎರಡು ಪದಗಳ ಹೆಸರಿಡುವ ಕ್ರಮವನ್ನು ಜಾರಿಗೆ ತಂದಾಗ ನಮ್ಮ ಲಿಂಬೆಯ ಚಿಟ್ಟೆಗೂ ಹೆಸರು ಸಿಕ್ಕಿತು: ಪ್ಯಾಪಿಲಿಯೋ ಡೆಮೋಲಿಯಸ್. ದೊಡ್ಡ ಚಿಟ್ಟೆಗಳಿಗೆ ಅವನು ಟ್ರಾಯ್ ಯುದ್ಧದ ವೀರರ ಹೆಸರುಗಳನ್ನು ಕೊಟ್ಟ. ಎದೆಯ ಮೇಲೆ ರಕ್ತದಂಥ ಕೆಂಪು ಮಚ್ಚೆಯುಳ್ಳ ಕಪ್ಪು ಚಿಟ್ಟೆಗಳು ಸೋತ ಟ್ರಾಯ್ ಪಕ್ಷದವು, ಉಳಿದವು ಗ್ರೀಕ್ ಪಕ್ಷದವು ಎಂದು ಎರಡು ದಂಡು ಕಟ್ಟಿದ. ಈಶ್ವರಿ ಬಳ್ಳಿಯನ್ನು ತಿಂದು ಬೆಳೆಯುವ ಕೆಂಪು ಒಡಲಿನ ಚಿಟ್ಟೆಗೆ ಟ್ರಾಯ್‌ನ ಮಹಾವೀರ ಹೆಕ್ಟರನ ಹೆಸರು ಬಂದದ್ದು ಹೀಗೆ. ಡೆಮೋಲಿಯಸನು ಗ್ರೀಕ್ ಪಕ್ಷದ ಒಬ್ಬ ಯೋಧ. ನಮ್ಮ ಕರ್ಣ, ಅಭಿಮನ್ಯುಗಳ ಹೆಸರಿಟ್ಟಂತೆ ಎಂದುಕೊಳ್ಳಿ. ಇಂಡಿಯ ಲಿಂಬೆಯ ಬನದಲ್ಲಿ ಹಾರುವ ಪಾತರಗಿತ್ತಿಗೆ ಹೀಗೆ ಗ್ರೀಕ್ ಯೋಧನ ಹೆಸರು ಅಂಟಿಕೊಂಡಿದೆ. ಪಾತರಗಿತ್ತಿ ಎಂಬ ನಮ್ಮ ಸೀಮೆಯ ಮಾತಾದರೋ ಬೇಂದ್ರೆಯವರ ಕವಿತೆಯಿಂದಾಗಿ ನಾಡಿಗೆಲ್ಲ ಪರಿಚಿತವಾಯಿತು.

ಛಾಯಾಚಿತ್ರಕ್ಕೂ ಗಿಡಕ್ಕೂ ಮೊದಲಿನಿಂದಲೂ ಸ್ನೇಹ. 1830ರ ದಶಕದಲ್ಲಿ ಇಂಗ್ಲೆಂಡಿನ ಟಾಲ್ಬಟ್ ಎಂಬುವನು ಬೆಳ್ಳಿಯ ಲವಣ ಸವರಿದ ಕಾಗದದ ಮೇಲೆ ಎಲೆಗಳನ್ನಿಟ್ಟು ಬಿಸಿಲಿಗೊಡ್ಡಿ ಅವುಗಳ ನೆರಳಚ್ಚು ಪಡೆದ. 1843ರಲ್ಲಿ ಆನಾ ಅಟ್ಕಿನ್ಸ್ ಎಂಬಾಕೆ ಅದೇ ಬಗೆಯ ನೀಲಿ ಅಚ್ಚುಗಳಿಂದ ಕಡಲ ಪಾಚಿಗಳ ಪುಸ್ತಕವನ್ನೇ ಹೊರತಂದಳು. ಛಾಯಾಚಿತ್ರಗಳನ್ನುಳ್ಳ ಮೊದಲ ಪುಸ್ತಕವೆಂದು ಅದು ಹೆಸರಾಗಿದೆ. ಗಿಡ ಅಲುಗಾಡದೆ ನಿಲ್ಲುತ್ತದೆ, ಆದ್ದರಿಂದ ನಿಧಾನದ ಕ್ಯಾಮೆರಾಗಳಿಗೆ ಅದು ಒಗ್ಗಿತು. ಹಾರುವ ಚಿಟ್ಟೆ ಬಹುಕಾಲ ಒಗ್ಗಲಿಲ್ಲ. ಬಲೆಯಿಂದ ಹಿಡಿದು, ಕೊಂದು, ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಡುವುದೇ 20ನೆಯ ಶತಮಾನದ ನಡುವಿನವರೆಗೂ ಅಧ್ಯಯನದ ಕ್ರಮವಾಗಿತ್ತು. ಎಂ. ಎ. ವಿಂಟರ್‌ಬ್ಲೈತ್ 1957ರಲ್ಲಿ ಭಾರತದ ಚಿಟ್ಟೆಗಳ ಬಗ್ಗೆ ಬರೆದ ಪುಸ್ತಕ ಬಹುಕಾಲ ಎಲ್ಲರ ಆಧಾರಗ್ರಂಥವಾಗಿತ್ತು. 2000ದಲ್ಲಿ ಕೃಷ್ಣಮೇಘ ಕುಂಟೆಯವರ ದಖ್ಖನ ಪರ್ಯಾಯದ್ವೀಪದ ಚಿಟ್ಟೆಗಳ ಪುಸ್ತಕ ಬಂದಿತು. ಇಂದು ಬಲೆಯ ಸ್ಥಾನವನ್ನು ಬಹುಮಟ್ಟಿಗೆ ಕ್ಯಾಮೆರಾ ಪಡೆದುಕೊಂಡಿದೆ. ಬೆಂಗಳೂರಿನಲ್ಲಿ ಈ ಕಲೆಗೆ ಹಳೆಯ ಪರಂಪರೆಯೂ ಇದೆ. 2017ರಲ್ಲಿ ನಿಧನರಾದ ಟಿ. ಎನ್. ಎ. ಪೆರುಮಾಳ್ ಅವರು ವನ್ಯಜೀವಿಗಳ ಛಾಯಾಗ್ರಹಣದಲ್ಲಿ ಜಗತ್ತೇ ಬಲ್ಲ ಹೆಸರು. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಲೇಖನಿಯನ್ನೂ ಕ್ಯಾಮೆರಾವನ್ನೂ ಸಮನಾಗಿ ಹಿಡಿದರು. ಬಿ. ಜಿ. ಎಲ್. ಸ್ವಾಮಿಯವರು ತಮ್ಮ "ಹಸುರು ಹೊನ್ನು" ಪುಸ್ತಕಕ್ಕೆ ಗಿಡಗಳ ಚಿತ್ರಗಳನ್ನು ತಾವೇ ಬರೆದರು. ಆ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಬಂತು. ನಮ್ಮ ಶಾಲೆಯ ಗ್ರಂಥಾಲಯದ ಪ್ರತಿಯನ್ನು ನಿಮ್ಮಲ್ಲಿ ಕೆಲವರು ಓದಿದ್ದು ನನಗೆ ನೆನಪಿದೆ.

ಚಿಟ್ಟೆಯ ಚಿತ್ರಕ್ಕೆ ಶರದೃತುವಿನ ಆರಂಭವೇ ಏಕೆ ಒಳ್ಳೆಯದು? ಕಾರಣ ಸರಳ. ಮುಂಗಾರು ಮಳೆಗೆ ಗಿಡಗಳು ಚಿಗುರುತ್ತವೆ, ಚಿಗುರಿನ ಮೇಲೆ ಚಿಟ್ಟೆ ಮೊಟ್ಟೆಯಿಡುತ್ತದೆ, ಹುಳ ತಿಂದು ಬೆಳೆಯುತ್ತದೆ. ಮಳೆ ಕಡಿಮೆಯಾಗಿ ಬಿಸಿಲು ಮೂಡುವ ಹೊತ್ತಿಗೆ ಹೊಸ ಪೀಳಿಗೆ ರೆಕ್ಕೆ ಬಿಚ್ಚಿರುತ್ತದೆ, ಹೂವೂ ಹೇರಳವಾಗಿರುತ್ತದೆ. ಇದಲ್ಲದೆ ಇನ್ನೊಂದು ವಿಶೇಷವಿದೆ. ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ ಮುಂತಾದ ಚಿಟ್ಟೆಗಳು ಮುಂಗಾರಿಗೆ ಮುಂಚೆ ಸಹ್ಯಾದ್ರಿಯಿಂದ ಪೂರ್ವದ ಬಯಲಿಗೆ ಹಿಂಡುಗಟ್ಟಿ ಬರುತ್ತವೆ. ಮಳೆಗಾಲ ಮುಗಿಯುವ ಕಾಲಕ್ಕೆ ಪಶ್ಚಿಮಕ್ಕೆ ಮರಳುವ ಹಿಂಡುಗಳು ಕಾಣುತ್ತವೆ. ಸಹ್ಯಾದ್ರಿಯ ಜಡಿಮಳೆಯನ್ನು ತಪ್ಪಿಸಿಕೊಳ್ಳುವ ಈ ವಲಸೆಯ ಬಗ್ಗೆ ಕುಂಟೆಯವರು 2005ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ದಾರಿಯಲ್ಲಿರುವ ಬೆಂಗಳೂರು ಅವುಗಳಿಗೆ ತಂಗುದಾಣ. ಗಿಲಗಚ್ಚಿ, ಚೇಳುಕೊಂಡಿ ಮುಂತಾದ ಗಿಡಗಳ ಬಾಡಿದ ಭಾಗಗಳಿಗೆ ಗಂಡು ಚಿಟ್ಟೆಗಳು ಮುತ್ತಿಕೊಂಡು ರಸ ಹೀರುವುದನ್ನು ಆಗ ನೋಡಬಹುದು. ಆ ರಸದಲ್ಲಿರುವ ಕಹಿ ವಸ್ತುಗಳು ಅವುಗಳಿಗೆ ಹಕ್ಕಿಗಳಿಂದ ರಕ್ಷಣೆಯನ್ನೂ, ಹೆಣ್ಣನ್ನು ಆಕರ್ಷಿಸುವ ಗಂಧವನ್ನೂ ಒದಗಿಸುತ್ತವೆ.

ಮಗಳ ಮನೆಗೆ ಹೋದಾಗಲೆಲ್ಲ ನಾನೂ ಲಾಲ್‌ಬಾಗಿಗೆ ಹೋಗುತ್ತೇನೆ. ಮೊಮ್ಮಗಳು ಕ್ಯಾಮೆರಾ ಹಿಡಿದು ಜೊತೆಗಿರುತ್ತಾಳೆ. ಅವಳು ತೆಗೆಯುವುದನ್ನು ನೋಡಿ ನಾನು ಕಲಿತ ಕೆಲವು ಮಾತುಗಳನ್ನು ಹೇಳುತ್ತೇನೆ. ಚಿಟ್ಟೆಗೆ ಮೈ ಕಾದರೆ ಮಾತ್ರ ಹಾರಲು ಶಕ್ತಿ. ಆದ್ದರಿಂದ ಮುಂಜಾನೆ ಎಂಟರಿಂದ ಹತ್ತರವರೆಗೆ ಅದು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತ ಕುಳಿತಿರುತ್ತದೆ. ಚಿತ್ರಕ್ಕೆ ಅದೇ ಸಮಯ. ನಿಮ್ಮ ನೆರಳು ಅದರ ಮೇಲೆ ಬೀಳಬಾರದು, ಬಿದ್ದ ಕ್ಷಣ ಹಾರಿಹೋಗುತ್ತದೆ. ಅದರ ಎತ್ತರಕ್ಕೆ ಬಾಗಿ, ರೆಕ್ಕೆಗೆ ಸಮಾನಾಂತರವಾಗಿ ಕ್ಯಾಮೆರಾ ಹಿಡಿದರೆ ರೆಕ್ಕೆಯ ಎಲ್ಲ ಭಾಗವೂ ಸ್ಪಷ್ಟವಾಗಿ ಬರುತ್ತದೆ. ರೆಕ್ಕೆಯ ಮೇಲ್ಮೈ, ಕೆಳಮೈ ಎರಡನ್ನೂ ತೆಗೆಯಬೇಕು, ಏಕೆಂದರೆ ಎರಡರ ವಿನ್ಯಾಸ ಬೇರೆ. ಗಿಡದ ಚಿತ್ರವಾದರೆ ಹೂವೊಂದೇ ಸಾಲದು. ಎಲೆಯ ಎರಡು ಬದಿ, ಎಲೆಗಳು ಕಾಂಡಕ್ಕೆ ಜೋಡಿಸಿಕೊಂಡ ರೀತಿ, ಕಾಯಿ, ತೊಗಟೆ ಎಲ್ಲವೂ ಬೇಕು. ಹಳೆಯ ಚಿತ್ರಕಾರರು ಒಂದೇ ಹಾಳೆಯಲ್ಲಿ ಇವನ್ನೆಲ್ಲ ತುಂಬಿಸುತ್ತಿದ್ದರು. 36 ಚಿತ್ರಗಳ ರೀಲು ಹಾಕುತ್ತಿದ್ದ ಕಾಲದಲ್ಲಿ ಒಂದೊಂದು ಚಿತ್ರಕ್ಕೂ ಹಣದ ಲೆಕ್ಕವಿತ್ತು. ಈಗ ಕಿಸೆಯ ಮೊಬೈಲ್ ಫೋನಿನಲ್ಲಿ ನೂರು ಚಿತ್ರ ತೆಗೆದರೂ ಖರ್ಚಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಯಾವ ದಿನ, ಯಾವ ಸ್ಥಳ, ಯಾವ ಗಿಡದ ಮೇಲೆ ಎಂಬುದನ್ನು ಬರೆದಿಡುವುದು. ಇವಿಲ್ಲದ ಚಿತ್ರ ಅಸರ ಮಹಲಿನ ಹೂದಾನಿಯಂತೆ. ಚೆಂದ ಹೌದು, ದಾಖಲೆಯಲ್ಲ.

ಈಗ ನಮ್ಮ ಲಿಂಬೆಗೆ ಬರೋಣ. ಇಂಡಿ ತಾಲೂಕಿನ ಲಿಂಬೆಯ ಹೆಸರು ನಾಡಿನಾಚೆಗೂ ಹೋಗಿದೆ. 2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಲಾಲ್‌ಬಾಗಿನಲ್ಲಿ ಜನ ಮೊಣಕಾಲೂರಿ ಚಿತ್ರ ತೆಗೆಯುವ ಈ ಚಿಟ್ಟೆ ನಮ್ಮ ರೈತನ ಕಣ್ಣಿಗೆ ಕೀಡಿ. ಹೆಣ್ಣು ಚಿಟ್ಟೆ ಎಳೆಯ ಚಿಗುರಿನ ಮೇಲೆ ಒಂದೊಂದಾಗಿ ತಿಳಿಹಳದಿ ಮೊಟ್ಟೆ ಇಡುತ್ತದೆ. ಹೊರಬರುವ ಹುಳ ಮೊದಲು ಕಪ್ಪು ಬಿಳುಪಾಗಿ, ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ. ಹಾಗಾಗಿ ಹಕ್ಕಿಗಳು ಅದನ್ನು ಮುಟ್ಟುವುದಿಲ್ಲ. ಬಲಿತ ಮೇಲೆ ಎಲೆಯ ಹಸಿರನ್ನೇ ತಳೆಯುತ್ತದೆ. ಕೆಣಕಿದರೆ ತಲೆಯ ಹಿಂದಿನಿಂದ ಎರಡು ಕವಲಿನ ಕೆಂಪು ಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ. ನರ್ಸರಿಯ ಎಳೆಯ ಸಸಿಗಳಲ್ಲಿ ನಾಲ್ಕಾರು ಹುಳಗಳಾದರೆ ಎಲೆಯೇ ಉಳಿಯದು. ದೊಡ್ಡ ಗಿಡ ಅಷ್ಟನ್ನು ತಾಳಿಕೊಳ್ಳುತ್ತದೆ.

ಈ ಚಿಟ್ಟೆ ಎಷ್ಟು ಸಮರ್ಥ ಪ್ರಯಾಣಿಕನೆಂದರೆ, ಏಷ್ಯಾ ಮತ್ತು ಆಸ್ಟ್ರೇಲಿಯಾ ಭಾಗದ ಈ ಜೀವಿ 2004ರಲ್ಲಿ ಅಟ್ಲಾಂಟಿಕ್ ಸಾಗರದಾಚೆಯ ಡೊಮಿನಿಕನ್ ಗಣರಾಜ್ಯದಲ್ಲಿ ಕಾಣಿಸಿಕೊಂಡು, 2006ರ ವೇಳೆಗೆ ಪ್ಯೂರ್ಟೋ ರಿಕೋ ದ್ವೀಪವನ್ನೂ ಮುಟ್ಟಿತು. ಅಲ್ಲಿಯ ಲಿಂಬೆ ಜಾತಿಯ ಬೆಳೆಗಾರರು ಚಿಂತೆಗೊಳಗಾದರು. ಹೊಸ ಕೀಟವೊಂದು ಬಂದಿದೆಯೆಂದು ಮೊದಲೇ ತಿಳಿಯಬೇಕಾದರೆ, ಅದನ್ನು ಗುರುತಿಸಬಲ್ಲ ಕಣ್ಣುಗಳು ಊರೂರಿನಲ್ಲಿರಬೇಕು. ಚಿಟ್ಟೆಯ ಚಿತ್ರ ತೆಗೆಯುವುದು ಉಳ್ಳವರ ಹವ್ಯಾಸವೆಂದು ನಗುವವರಿಗೆ ಇದು ನನ್ನ ಉತ್ತರ.

ಹಾಗಾದರೆ ಚಿಟ್ಟೆಯನ್ನು ಕೊಲ್ಲಬೇಕೋ, ಕಾಪಾಡಬೇಕೋ? ರೈತನ ಮಗನಾಗಿ ನಾನು ಈ ಪ್ರಶ್ನೆಯನ್ನು ತೇಲಿಸಿಬಿಡಲಾರೆ. ಎಳೆಯ ಸಸಿಗಳ ಮೇಲಿನ ಹುಳಗಳನ್ನು ಕೈಯಿಂದ ಆಯ್ದು ತೆಗೆಯುವುದು ಹಳೆಯ ಕ್ರಮ; ಕೃಷಿ ವಿಜ್ಞಾನಿಗಳು ಇಂದಿಗೂ ಅದನ್ನೇ ಮೊದಲು ಹೇಳುತ್ತಾರೆ. ಆ ಚಿಟ್ಟೆಯ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುವ ಸಾಸಿವೆ ಕಾಳಿಗಿಂತ ಸಣ್ಣ ಕಣಜಗಳಿವೆ, ಹುಳವನ್ನು ತಿನ್ನುವ ಜೇಡಗಳಿವೆ, ಹಕ್ಕಿಗಳಿವೆ. ಬಲಿತ ಬನಕ್ಕೆಲ್ಲ ಔಷಧ ಹೊಡೆದರೆ ಚಿಟ್ಟೆಗಿಂತ ಮೊದಲು ಸಾಯುವವರು ಈ ಸಹಾಯಕರು. ಲಿಂಬೆಯ ಹೂವಿಗೆ ಬರುವ ಜೇನೂ ಅದರಲ್ಲೇ ಹೋಗುತ್ತದೆ. ಯಾವ ಹುಳ ಯಾವುದೆಂದು ತಿಳಿದವನು ಔಷಧವನ್ನು ಬೇಕಾದಷ್ಟೇ ಬಳಸುತ್ತಾನೆ. ತಿಳಿಯದವನು ಅಂಗಡಿಯವನು ಕೊಟ್ಟದ್ದನ್ನು ಹೊಡೆಯುತ್ತಾನೆ. ಗುರುತು ಹಿಡಿಯುವ ವಿದ್ಯೆಗೆ ಹೀಗೆ ರೂಪಾಯಿಯ ಬೆಲೆಯೂ ಇದೆ.

ನನ್ನ ಕಳವಳ ಇನ್ನೊಂದಿದೆ. ಅಗರಖೇಡದ ಸುತ್ತಲಿನ ಹೊಲಗಳ ಬದುಗಳಲ್ಲಿ ಎಕ್ಕಿ, ತಂಗಡಿ, ಔಡಲ, ಬಾರಿ ಕಂಟಿ ಇವೆಲ್ಲ ದಟ್ಟವಾಗಿ ಬೆಳೆಯುತ್ತಿದ್ದವು. ಎಕ್ಕಿಯನ್ನು ನಂಬಿ ಒಂದು ಚಿಟ್ಟೆ, ತಂಗಡಿಯನ್ನು ನಂಬಿ ಇನ್ನೊಂದು, ಔಡಲವನ್ನು ನಂಬಿ ಮತ್ತೊಂದು. ಹಿತ್ತಲ ಕರಿಬೇವಿಗೂ ತನ್ನದೇ ಆದ ಚಿಟ್ಟೆಯಿದೆ. ಬದು ಕಿರಿದಾಗಿ, ಉಳಿದ ಬದುವಿಗೆ ಕಳೆನಾಶಕ ಬಿದ್ದ ಮೇಲೆ ಗಿಡವೂ ಇಲ್ಲ, ಚಿಟ್ಟೆಯೂ ಇಲ್ಲ. ಗಿಡ ಹೋದ ಮೇಲೆ ಅದರ ಹೆಸರೂ ಹೋಗುತ್ತದೆ. ನಮ್ಮ ತಾಯಿಯವರು ಹೊಲಕ್ಕೆ ಹೋಗಿ ಬರುವ ದಾರಿಯಲ್ಲಿ ಮೂವತ್ತಕ್ಕೂ ಹೆಚ್ಚು ಸೊಪ್ಪು, ಕಂಟಿ, ಬಳ್ಳಿಗಳ ಹೆಸರು ಹೇಳುತ್ತಿದ್ದರು: ಇದು ಪಲ್ಲೆಗೆ, ಇದು ಬಾಣಂತಿಗೆ, ಇದು ಎತ್ತಿನ ಗಾಯಕ್ಕೆ ಎಂದು. ಆ ಹೆಸರುಗಳಲ್ಲಿ ಅನೇಕವು ಯಾವ ಪುಸ್ತಕದಲ್ಲಿಯೂ ಇಲ್ಲ.

ಬೆಂಗಳೂರಿನವರಿಗೂ ನಿಶ್ಚಿಂತೆಯಿಲ್ಲ. 2025ರಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗಿನ ಸುರಂಗ ರಸ್ತೆಯ ಯೋಜನೆ ಲಾಲ್‌ಬಾಗಿನ ನೆಲಕ್ಕೂ ಕೈಚಾಚುತ್ತದೆಂದು ತಿಳಿದಾಗ ನಾಗರಿಕರು ಪ್ರತಿಭಟಿಸಿದರು. ಆಗ ಜನರ ಮಾತಿಗೆ ಬಲ ಕೊಟ್ಟದ್ದು ಆ ತೋಟದಲ್ಲಿ ಏನೇನಿದೆಯೆಂಬ ತಿಳಿವಳಿಕೆ: ಬಂಡೆಯ ವಯಸ್ಸು, ಮರಗಳ ಪಟ್ಟಿ, ಇನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಚರಿತ್ರೆ. ದಾಖಲೆಯಿರುವ ತೋಟಕ್ಕೆ ವಾದಿಸುವವರು ಹುಟ್ಟುತ್ತಾರೆ. ದಾಖಲೆಯಿಲ್ಲದ ಬದುವಿಗೆ, ಹಳ್ಳದ ದಂಡೆಗೆ ಯಾರು ವಾದಿಸಬೇಕು?

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಕೋರಿಕೆ. ಈ ಸಲ ದೀಪಾವಳಿಗೆ ಊರಿಗೆ ಬಂದಾಗ ಎರಡು ದಿನ ಮುಂಜಾನೆ ಭೀಮೆಯ ದಂಡೆಗೋ, ನಿಮ್ಮ ಹೊಲದ ಬದುವಿಗೋ ಹೋಗಿ. ಎಕ್ಕಿಯ ಎಲೆಯನ್ನು ತಿರುವಿ ನೋಡಿ, ಲಿಂಬೆಯ ಚಿಗುರನ್ನು ಬಾಗಿ ನೋಡಿ. ಕಂಡ ಗಿಡ, ಹುಳ, ಪಾತರಗಿತ್ತಿಗಳ ಚಿತ್ರ ತೆಗೆದು, ತಾರೀಖು ಬರೆಯಿರಿ. ಮನೆಗೆ ಬಂದು ಅವನ್ನು ಅಜ್ಜಿಗೋ, ಹಿರಿಯ ಕಾಕಾನಿಗೋ ತೋರಿಸಿ, "ಇದಕ್ಕ ಏನಂತಾರ್ರಿ?" ಎಂದು ಕೇಳಿ, ಅವರು ಹೇಳಿದ ಹೆಸರನ್ನು ಅವರ ಬಾಯಿಂದ ಬಂದ ಹಾಗೆಯೇ ಬರೆದುಕೊಳ್ಳಿ. ಹೆಸರಿನ ಪಕ್ಕದಲ್ಲಿ ಹೇಳಿದವರ ಹೆಸರನ್ನೂ ಬರೆಯಲು ಮರೆಯಬೇಡಿ. ಶಿವಮೊಗ್ಗದ ಆ ಮರಾಠಿ ಚಿತ್ರಕಾರನಿಗೆ ಆ ಗೌರವ ಸಲ್ಲಲಿಲ್ಲ; ನಮ್ಮ ಅಜ್ಜಿಯರಿಗಾದರೂ ಸಲ್ಲಲಿ. ಕಳುಹಿಸಿದರೆ ನಾನು ಊರಿನ ಗಿಡಗಳ ಒಂದು ಪಟ್ಟಿ ಮಾಡಿ ಇಲ್ಲಿಯೇ ಪ್ರಕಟಿಸುತ್ತೇನೆ. ಇಪ್ಪತ್ತು ಹೆಸರು ಬಂದರೂ ಸಾಕು, ಕೆಲಸ ಆರಂಭವಾದಂತೆ.

ಎಲ್ಲರಿಗೂ ನಾಡಹಬ್ಬದ ಶುಭಾಶಯಗಳು.